ಪದಚರ್ಚೆ: ಕಲಾಪ್ರದರ್ಶನದ ಫಲಕದಲ್ಲಿ ‘ಇಂಟರ್‌ನ್ಯಾಷನಲಿಸಂ’

ಪ್ರಶ್ನೆ (ಧಾರವಾಡ):
ಸಮಕಾಲೀನ ಕಲೆಯ ಪ್ರದರ್ಶನವೊಂದಕ್ಕೆ ಕನ್ನಡ ಫಲಕ ಸಿದ್ಧವಾಗಬೇಕಿದೆ. ‘ಇಂಟರ್‌ನ್ಯಾಷನಲಿಸಂ’ಗೆ ಅಂತರರಾಷ್ಟ್ರೀಯವಾದ, ಅಂತಾರಾಷ್ಟ್ರೀಯತೆ, ವಿಶ್ವಮಾನವತೆ ಮೂರೂ ಕರಡಿನಲ್ಲಿವೆ. ಮೈಸೂರಿನ ಕಲಾವಿದ ಎನ್.ಎಸ್. ಹರ್ಷ ಅವರ ‘ನೇಷನ್ಸ್’, ಇಟಲಿಯ ಕಲಾವಿದ ಅಲಿಘಿಯೆರೊ ಬೊಯೆಟ್ಟಿಯ ದಾರದ ವಿಶ್ವನಕ್ಷೆಗಳ ಟಿಪ್ಪಣಿಯಲ್ಲಿ ಈ ಪದ ಬರುತ್ತದೆ. ಯಾವುದನ್ನ ಇಟ್ಕೋಬೇಕ್ರಿ?

ಉತ್ತರ (ಹುಬ್ಬಳ್ಳಿ):
ಮೊದಲು ‘ವಾದ’ ತೆಗೀರಿ ಸರ್. ‘ಅಂತರರಾಷ್ಟ್ರೀಯವಾದ ಕಲೆ’ ಅಂತ ಬರೆದರೆ ಮಂದಿ ‘ಸುಂದರವಾದ ಕಲೆ’ ಓದಿದ ಹಂಗೇ ಓದ್ತಾರೆ. ಸಿದ್ಧಾಂತ ಹೋಗಿ ಬರೀ ವಿಶೇಷಣ ಉಳೀತದೆ. ‘ಅಂತರರಾಷ್ಟ್ರೀಯತೆ’ ಸಾಕು. ಸಿದ್ಧಾಂತ ಅಂತ ಒತ್ತಿ ಹೇಳಲೇಬೇಕಾದ ಕಡೆ ಮಾತ್ರ ‘ಅಂತರರಾಷ್ಟ್ರೀಯತಾವಾದ’.

‘ವಿಶ್ವಮಾನವತೆ’ ಇಲ್ಲಿ ಬೇಡವೇ ಬೇಡ. ಅದು ರಾಷ್ಟ್ರವನ್ನು ದಾಟಿ ಹೋಗುವ ಪದ, ಈ ಕೃತಿಗಳು ನಿಂತಿರೋದೇ ರಾಷ್ಟ್ರಗಳ ಮೇಲೆ. ಹರ್ಷ ಅವರ 2007ರ ಕೃತಿಯಲ್ಲಿ 192 ತುಳಿಯುವ ಹೊಲಿಗೆ ಮಷಿನ್. ಒಂದೊಂದರ ಮೇಲೂ ವಿಶ್ವಸಂಸ್ಥೆಯ ಒಂದೊಂದು ಸದಸ್ಯ ದೇಶದ ಬಾವುಟ, ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದದ್ದು. ಮಷಿನ್‌ಗಳ ನಡುವೆ ದಾರ ಸಿಕ್ಕುಸಿಕ್ಕಾಗಿ ಹರಡಿದೆ. ಬಾವುಟ ತೆಗೆದರೆ ಉಳಿಯೋದು ಟೇಲರ್ ಅಂಗಡಿ. ಸಂಖ್ಯೆ ಹಾಕುವಾಗ ಯಾವ ವರ್ಷದ ಜೋಡಣೆ ಅಂತ ನೋಡ್ಕೊಳ್ರಿ: 2011ರಲ್ಲಿ ದಕ್ಷಿಣ ಸುಡಾನ್ ಸೇರಿ ಸದಸ್ಯ ದೇಶಗಳು 193 ಆದವು. ನಿಮ್ಮ ಕರಡಿನ ‘ಸಂಕೀರ್ಣ ಅಂತರ್‌ಸಂಬಂಧಗಳ ಜಾಲ’ ಹೊಡೆದುಹಾಕಿ ‘ಸಿಕ್ಕು’ ಅನ್ನಿ. 3:2 ಅಳತೆ, 24 ಗೆರೆಯ ಚಕ್ರ ಒಂದಿಷ್ಟೂ ತಪ್ಪದಂತೆ ರಾಷ್ಟ್ರಧ್ವಜ ಹೊಲಿಯುವ ಬೆಂಗೇರಿಯ ಖಾದಿ ಕೇಂದ್ರ ನಮ್ಮ ಹುಬ್ಬಳ್ಳಿಯಲ್ಲೇ ಇರುವಾಗ, ಇಲ್ಲಿಯ ನೋಡುಗರ ಕಣ್ಣು ಮೊದಲು ಹೋಗೋದೇ ಆ ಕತ್ತರಿಸದೆ ಬಿಟ್ಟ ದಾರಕ್ಕೆ.

ಬೊಯೆಟ್ಟಿಯ ನಕ್ಷೆಗೆ ‘ಕಸೂತಿ’ ಅಂದೀರಿ. ಬೇರೆ ಊರಲ್ಲಿ ನಡೆದೀತು, ಧಾರವಾಡದಲ್ಲಿ ಅಲ್ಲ. ನಮಗೆ ಕಸೂತಿ ಅಂದ್ರೆ ಎಳೆ ಎಣಿಸಿ ಹಾಕುವ ಗಾವಂತಿ, ಮುರಗಿ ಹೊಲಿಗೆಗಳು. 1971ರಿಂದ ಅಫ್ಘನ್ ಹೆಣ್ಣುಮಕ್ಕಳು ಅವನಿಗಾಗಿ ಮಾಡಿದ್ದು ಸಮುದ್ರವನ್ನೂ ಬಿಡದೆ ಇಡೀ ಬಟ್ಟೆಗೆ ದಾರ ತುಂಬುವ ಕೆಲಸ. ‘ಎಂಬ್ರಾಯ್ಡರಿ’ ಅಂತಲೇ ಇರಲಿ.

ಇನ್ನು ಕಾಗುಣಿತ. ಅಂತರ್ + ರಾಷ್ಟ್ರೀಯ ಸೇರಿದಾಗ ಒಂದು ರಕಾರ ಬಿದ್ದು ಹಿಂದಿನ ಸ್ವರ ದೀರ್ಘವಾಗುತ್ತದೆ, ನಿರ್ + ರಸ ‘ನೀರಸ’ ಆದಂತೆ. ಅದಕ್ಕೇ ‘ಅಂತಾರಾಷ್ಟ್ರೀಯ’. ‘ಅಂತರ್’ ಅಂದರೆ ಒಳಗೆ, ಹಾಗಾಗಿ ತಪ್ಪು ಅನ್ನುವವರಿದ್ದಾರೆ. ಸಂಸ್ಕೃತದಲ್ಲಿ ಅದಕ್ಕೆ ‘ನಡುವೆ’ ಎಂಬ ಅರ್ಥವೂ ಉಂಟು, ಆ ಆಕ್ಷೇಪಕ್ಕೆ ಬಲವಿಲ್ಲ. ನನ್ನ ಓಟು ‘ಅಂತರ’ ಸೇರಿದ ‘ಅಂತರರಾಷ್ಟ್ರೀಯ’ಕ್ಕೆ, ಅಲ್ಲಿ ಸಂಧಿಯ ಗೊಡವೆಯೇ ಇಲ್ಲ. ಒಂದೇ ಸಭಾಂಗಣದಲ್ಲಿ ಎರಡೂ ರೂಪ ಬೆರೆಸಬೇಡ್ರಿ.

ಯಾವ ರೂಪ ತಗೊಂಡರೂ ‘ಷ್ಟ್ರೀ’ ತಪ್ಪೋದಿಲ್ಲ: ಒಂದಕ್ಷರಕ್ಕೆ ಎರಡು ಒತ್ತು. ಸಾಲಿನ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಾದರೂ ಇರಲಿ, ಇಲ್ಲದಿದ್ದರೆ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ವಿನೈಲ್ ಕತ್ತರಿಸಿ ಅಂಟಿಸುವುದಾದರೆ ಸಣ್ಣ ಗಾತ್ರದಲ್ಲಿ ಮೊದಲು ಕಿತ್ತು ಬರೋದೂ ಆ ಒತ್ತುಗಳೇ. ಟಿಪ್ಪಣಿಯನ್ನು ಫೋಮ್ ಹಲಗೆ ಮೇಲೆ ಪ್ರಿಂಟ್ ಹಾಕಿಸಿ, ವಿನೈಲ್ ಶೀರ್ಷಿಕೆಗಷ್ಟೇ ಬಳಸ್ರಿ.