"ಅಮ್ಮಾ, ಡೋಂಟ್ ಮಾರಲೈಸ್"

ಮಕ್ಕಳಿಗೆ ಎಷ್ಟು ಬುದ್ಧಿ ಹೇಳಬೇಕು, ಎಲ್ಲಿ ಬಾಯಿ ಮುಚ್ಚಬೇಕು ಅಂತ ನಿನ್ನೆಯಿಂದ ನಮ್ಮ ಈ ಗುಂಪಿನಲ್ಲಿ ಮಾತು ನಡೀತಿದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಒಂದು ಪದದ ಬೆನ್ನು ಹತ್ತಿ ಎರಡು ವಾರ ಕಳೆದೆ, ಅದನ್ನ ಹೇಳ್ತೀನಿ.

ಏಳನೇ ಕ್ಲಾಸಿನ ಮಗಳಿಗೆ ಫೋನ್ ವಿಷಯವಾಗಿ ಏನೋ ಹೇಳ್ತಿದ್ದೆ. ನಡುವೆಯೇ ತಡೆದು "ಅಮ್ಮಾ, ಡೋಂಟ್ ಮಾರಲೈಸ್" ಅಂದಳು, ಅಂದರೆ ಉಪದೇಶ ಬೇಡ ಅಂತ. ಸಿಟ್ಟು ಬಂತು. ಪದವನ್ನ ಎಷ್ಟು ಸರಿಯಾದ ಜಾಗದಲ್ಲಿ ಇಟ್ಟಳಲ್ಲ ಅಂತ ಒಳಗೊಳಗೇ ಹೆಮ್ಮೆಯೂ ಆಯ್ತು. ನಾವಾದರೆ "ಕೊರೀಬೇಡ", "ಪುರಾಣ ಬಿಚ್ಚಬೇಡ" ಅನ್ನೋದನ್ನ ಗೆಳತಿಯರಿಗೆ ಹೇಳ್ತಿದ್ದೆವು. ಅಮ್ಮನ ಮುಂದೆ ಬಾಯಿ ಬರ್ತಿರಲಿಲ್ಲ.

ಈ ಪದ ಮೊದಲು ಹೀಗಿರಲಿಲ್ಲವಂತೆ. ಕತೆಯೊಂದರಿಂದ ನೀತಿ ಹೆಕ್ಕಿ ತೋರಿಸುವುದಕ್ಕೆ ಇಂಗ್ಲಿಷಿನವರು ಮಾರಲೈಸ್ ಅನ್ನುತ್ತಿದ್ದರು. ಯಾರೂ ಕೇಳದಿದ್ದರೂ ಕಟ್ಟೆ ಹತ್ತಿ ಉಪದೇಶ ಮಾಡುವವರ ಮೇಲಿನ ಬೇಸರ ಅದಕ್ಕೆ ಅಂಟಿಕೊಂಡದ್ದು ಆಮೇಲೆ. ಬೇರು ಲ್ಯಾಟಿನ್ನಿನ 'ಮೋಸ್', ಅಂದರೆ ರೂಢಿ, ನಡವಳಿಕೆ. ಗ್ರೀಕ್ ಪದವೊಂದಕ್ಕೆ ಸಾಟಿಯಾಗಿ 'ಮೊರಾಲಿಸ್' ಅಂತ ಕಟ್ಟಿಕೊಟ್ಟವನು ಪ್ರಾಚೀನ ರೋಮಿನ ವಾಗ್ಮಿ ಸಿಸೆರೊ.

ನಾವಿರುವುದು ಯುಎಇಯಲ್ಲಿ, ಮಗಳಿಗೆ ಶಾಲೆಯಲ್ಲಿ ಅರಬ್ಬಿ ಇದೆ. "ಸರಿ, ಇದಕ್ಕೆ ಅರಬ್ಬಿಯಲ್ಲಿ ಏನಂತಾರೆ, ನೋಡಿ ಹೇಳು" ಅಂದೆ. (ಸೇಡು ಅಂತಲೇ ಇಟ್ಟುಕೊಳ್ಳಿ.) ನಿಘಂಟು ಎರಡು ದಾರಿ ತೋರಿಸಿತು. ಒಂದು 'ವಅಝ', ಅಂದರೆ ಬುದ್ಧಿ ಹೇಳು, ಎಚ್ಚರಿಸು. ಇನ್ನೊಂದು ಘಟನೆಯಿಂದ 'ಇಬ್ರಾ' ತೆಗೆಯುವುದು. ಇಬ್ರಾ ಅಂದರೆ ಕತೆಯ ನೀತಿ, ಪಾಠ. ಅದರ ಮೂಲದಲ್ಲಿರುವುದು ದಾಟುವ ಅರ್ಥ. ದುಬೈ ಖಾಡಿಯನ್ನ ದಾಟಿಸುವ ಅಬ್ರಾ ದೋಣಿ ಇದೆಯಲ್ಲ, ಅದಕ್ಕೂ ಅದೇ ಬೇರು. ವರ್ಷಗಟ್ಟಲೆ ಆ ದೋಣಿಯಲ್ಲಿ ಕೂತಿದ್ದೀನಿ, ಒಂದು ದಿನವೂ ಹೊಳೆದಿರಲಿಲ್ಲ.

ವಅಝದಲ್ಲಿ ಇಂಗ್ಲಿಷಿನ ಆ ಚುಚ್ಚು ಅಷ್ಟಾಗಿ ಇಲ್ಲ. ಕುರಾನಿನ 31ನೇ ಅಧ್ಯಾಯದಲ್ಲಿ ಲುಕ್ಮಾನ್ ಎಂಬ ಜ್ಞಾನಿ ತನ್ನ ಮಗನಿಗೆ ಬುದ್ಧಿ ಹೇಳುವಾಗ ಬರುವ ಕ್ರಿಯಾಪದ ಇದೇ. ಜನರ ಕಡೆ ಮುಖ ತಿರುಗಿಸಿ ಬೀಗಬೇಡ, ದನಿ ತಗ್ಗಿಸಿ ಮಾತಾಡು, ದನಿಗಳಲ್ಲೆಲ್ಲ ಕರ್ಕಶವಾದದ್ದು ಕತ್ತೆಯದು ಅಂತ ಹೇಳುತ್ತಾನೆ. ನಾನು ಫೋನ್ ವಿಷಯ ಎತ್ತಿದಾಗ ನನ್ನ ದನಿ ಹೇಗಿತ್ತು ಅಂತ ಇಲ್ಲಿ ಬರೆಯಲ್ಲ.

ಶಾಲೆಯ ನೀತಿಪಾಠಕ್ಕಾದರೆ ವಅಝ ಅನ್ನಲ್ಲ. ಯುಎಇ ಶಾಲೆಗಳಲ್ಲಿ 2017ರಲ್ಲಿ ಶುರುವಾದ ಮಾರಲ್ ಎಜುಕೇಶನ್ನಿನ ಅರಬ್ಬಿ ಹೆಸರು 'ಅತ್-ತರ್ಬಿಯಾ ಅಲ್-ಅಖ್ಲಾಕಿಯಾ'. ಅಖ್ಲಾಕ್ ಅಂದರೆ ಗುಣನಡತೆ. ತರ್ಬಿಯಾ ಅಂದರೆ ಸಾಕಿ ಬೆಳೆಸುವುದು. ಅದರ ಬೇರಿನ ಅರ್ಥ ಬೆಳೆ, ಹೆಚ್ಚಾಗು. ಸಾಲದ ಬಡ್ಡಿಗೆ ಅರಬ್ಬಿಯಲ್ಲಿ ಹೇಳುವ 'ರಿಬಾ' ಕೂಡ ಅಲ್ಲಿಂದಲೇ ಬಂದದ್ದು. ನಮ್ಮ 'ಬಡ್ಡಿ'ಯೂ 'ವೃದ್ಧಿ'ಯಿಂದ ಬಂದದ್ದಲ್ವಾ? ನಗು ಬಂತು.

ಆಮೇಲೆ ತಲೆಗೆ ಹೋಯ್ತು: ತರ್ಬಿಯಾ, ತರ್ಬಿಯತ್... ತರಬೇತಿ! ಮಗು ಬೆಳೆಸುವ ಪದ ಪಾರಸಿ, ಹಿಂದುಸ್ತಾನಿ ಸುತ್ತಿ ಕನ್ನಡಕ್ಕೆ ಬರುವಷ್ಟರಲ್ಲಿ ಪೊಲೀಸರಿಗೂ ಗುಮಾಸ್ತರಿಗೂ ಕೊಡುವ ತರಬೇತಿ ಆಗಿಬಿಟ್ಟಿದೆ. ಕಲಿಸುವುದಕ್ಕೆ ಅರಬ್ಬಿಯಲ್ಲಿರುವ 'ತಾಲೀಮ್' ನಮ್ಮಲ್ಲಿ ಗರಡಿಮನೆ, ನಾಟಕದ ತಾಲೀಮಾಯಿತು. 'ಅದಬ್' ಅಂದರೆ ಸಂಸ್ಕಾರ. ಒರಟರಿಗೆ ಅರಬರು 'ಕಲೀಲ್ ಅಲ್-ಅದಬ್' ಅಂತಾರೆ, ಅಂದರೆ ಅದಬು ಕಡಿಮೆ ಇರುವವ. ಅದಬಿನಲ್ಲಿಡು ಅನ್ನುವ ನಮ್ಮ ಹಳೇ ಮಾತು ಇದೇ. ಈಗಿನ ಅರಬ್ಬಿಯಲ್ಲಿ ಸಾಹಿತ್ಯಕ್ಕೂ ಅದಬ್ ಅಂತಲೇ ಹೆಸರು, ಅದು ನನಗೆ ಬಹಳ ಹಿಡಿಸಿತು. ಒತ್ತಿ ಹೇಳುವುದು ಅನ್ನುವ ಅರ್ಥದ 'ತಅಕೀದ್' ನಮ್ಮಲ್ಲಿ ತಾಕೀತು. ಇಷ್ಟರಲ್ಲಿ ನಮ್ಮ ಮನೆಯಲ್ಲಿ ದಿನಾ ಬಳಕೆಯಲ್ಲಿರುವುದು ಈ ಕೊನೆಯದೊಂದೇ ಅಂತ ಗಂಡನ ಅಂಬೋಣ.

ಮಗಳು ಅರಬ್ಬಿ ಕಲಿಯೋದನ್ನ ಹೊರೆ ಅಂದುಕೊಂಡಿದ್ದವಳು ನಾನು. ಕನ್ನಡಕ್ಕೇ ಹೊತ್ತಿಲ್ಲ, ಇದು ಬೇರೆ ಅಂತ ಇಲ್ಲೇ ಗೊಣಗಿದ್ದೂ ಉಂಟು. ಈಗ ವಾರಕ್ಕೊಂದು ಪದ ಹಿಡಿದು ಇಬ್ಬರೂ ಕೂರ್ತೀವಿ. ನಿಮ್ಮಲ್ಲಿ ಅರಬ್ಬಿ ಬಲ್ಲವರು ಇಂಥ ಪದಗಳಿದ್ದರೆ ಹಾಕಿ, ನಮ್ಮ ಪಟ್ಟಿ ತಾಕೀತಿಗೆ ನಿಂತಿದೆ.

ಒಂದು ಹೇಳೋದು ಮರೆತೆ. ಲುಕ್ಮಾನ್ ಮಗನನ್ನ ಕರೆಯೋದು 'ಯಾ ಬುನಯ್ಯ' ಅಂತ. ಬರೀ ಮಗನೇ ಅಂತಲ್ಲ, ಪುಟ್ಟಾ ಅನ್ನುವ ಹಾಗೆ. ಮೊನ್ನೆ ಫೋನ್ ವಿಷಯ ಮತ್ತೆ ಬಂದಾಗ ದನಿ ತಗ್ಗಿಸಿ "ಯಾ ಬುನಯ್ಯ" ಅಂತ ಶುರು ಮಾಡಿದೆ. ಪುಸ್ತಕದಿಂದ ತಲೆ ಎತ್ತದೇ ಅಂದಳು: "ಅದು ಹುಡುಗರಿಗೆ ಅಮ್ಮಾ. ನನಗಾದ್ರೆ ಯಾ ಬುನಯ್ಯತೀ ಅನ್ಬೇಕು. ಈಗ ಹೇಳು, ಏನು?"