‘ಅವಿಭಾಜ್ಯ’ ಅಂದರೆ ಭಾಗವೇ ಆಗದ್ದಾ?

ಎಲ್ಲರಿಗೂ ನಮಸ್ಕಾರ.

ಅಕ್ಕನ ಮಗಳು ಆಡುವ ಮೊಬೈಲ್ ಗೇಮ್‌ನಲ್ಲಿ ನಾಣ್ಯದ ಲೆಕ್ಕ 2147483647ಕ್ಕೆ ಬಂದು ನಿಂತುಬಿಟ್ಟಿತ್ತು. ಧನ, ಋಣ ಎರಡಕ್ಕೂ ಜಾಗ ಬಿಟ್ಟು ಕಂಪ್ಯೂಟರಿನ 32 ಬಿಟ್‌ಗಳಲ್ಲಿ (0 ಅಥವಾ 1 ಕೂರುವ ಮನೆಗಳಲ್ಲಿ) ಹಿಡಿಸುವ ಅತಿ ದೊಡ್ಡ ಪೂರ್ಣಾಂಕ ಅದು. ಸುಮ್ನಿರಲಾರದೆ ನಾನು, ‘ಇದು ಅವಿಭಾಜ್ಯ ಸಂಖ್ಯೆ ಕಣೇ’ ಎಂದೆ. ಅವಳು ಕ್ಯಾಲ್ಕುಲೇಟರ್ ತೆಗೆದು ಎರಡರಿಂದ ಭಾಗಿಸಿದಳು. 1073741823.5 ಬಂತು. ‘ಭಾಗ ಆಯ್ತಲ್ಲ ಮಾಮ?’

ಅವಳ ಪ್ರಶ್ನೆ ಸರಿಯೇ ಇದೆ. ‘ಶೇಷ ಉಳಿಯದಂತೆ’ ಎಂಬ ಮುಖ್ಯ ಮಾತು ಆ ಪದದೊಳಗೆ ಎಲ್ಲೂ ಇಲ್ಲ. ಏಳು ಚಪಾತಿಯನ್ನು ಇಬ್ಬರಿಗೆ ಹಂಚುವುದು ಯಾವ ಮನೆಯಲ್ಲೂ ಕಷ್ಟವಲ್ಲ.

ಕೊನೆಗೆ ಹೀಗೆ ಹೇಳಿದೆ: ಒಂದರ ಮಗ್ಗಿ, ತನ್ನದೇ ಮಗ್ಗಿ ಬಿಟ್ಟು ಬೇರೆ ಯಾವ ಮಗ್ಗಿಯಲ್ಲೂ ಬರದ ಸಂಖ್ಯೆ. ತಕ್ಷಣ ಅರ್ಥವಾಯಿತು. ಜೊತೆಗೇ ಇನ್ನೊಂದು ಪ್ರಶ್ನೆ: ‘ಇಷ್ಟು ದೊಡ್ಡದಕ್ಕೆ ಎಲ್ಲಾ ಮಗ್ಗಿ ನೋಡಿದ್ದು ಯಾರು?’

ನೋಡಿದ್ದು ಗಣಿತಜ್ಞ ಆಯ್ಲರ್, 1772ರಲ್ಲಿ. ಮೂವತ್ತೊಂದು ಎರಡುಗಳನ್ನು ಗುಣಿಸಿ ಒಂದು ಕಳೆದರೆ ಈ ಸಂಖ್ಯೆ ಬರುತ್ತದೆ. ವರ್ಗಮೂಲ 46340 ಚಿಲ್ಲರೆ. ಎರಡು ಸಂಖ್ಯೆ ಗುಣಿಸಿ ಇದು ಬರುವುದಾದರೆ ಅವುಗಳಲ್ಲಿ ಒಂದಾದರೂ ಅದರೊಳಗೇ ಇರಬೇಕು, ಹಾಗಾಗಿ ಅಲ್ಲಿಂದಾಚೆ ಹುಡುಕಬೇಕಿಲ್ಲ. ಸಂಖ್ಯೆಯ ರಚನೆಯಿಂದಾಗಿ, 62ರ ಮಗ್ಗಿಗೆ ಒಂದು ಕೂಡಿಸಿದಾಗ ಸಿಗುವ 63, 125, 187 ಇಂಥವು ಮಾತ್ರ ಇದನ್ನು ಭಾಗಿಸಬಲ್ಲವು. ಅದರಲ್ಲೂ 8ರಿಂದ ಭಾಗಿಸಿದರೆ 1 ಅಥವಾ 7 ಉಳಿಯಬೇಕು. ಅಲ್ಲಿಗೆ 125 ಔಟ್. ಹೀಗೆ ಜರಡಿ ಹಿಡಿದರೆ ನಾನೂರಕ್ಕೂ ಕಡಿಮೆ ಉಳಿಯುತ್ತವೆ. ಅವುಗಳಲ್ಲೂ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು. ಯಾವುದರಿಂದಲೂ ಶೇಷವಿಲ್ಲದೆ ಹೋಗಲಿಲ್ಲ.

ಈಗ ಪದಕ್ಕೆ ಬರುತ್ತೇನೆ. ‘ಅವಿಭಕ್ತ ಕುಟುಂಬ’ ಎನ್ನಬೇಕಾದ ಕಡೆ ‘ಅವಿಭಾಜ್ಯ ಕುಟುಂಬ’ ಎಂದು ಬರೆಯುವವರೂ ಇದ್ದಾರೆ. ಅವಿಭಕ್ತ ಅಂದರೆ ಇನ್ನೂ ಪಾಲಾಗಿಲ್ಲ, ನಾಳೆ ಆಗಬಹುದು. ಅವಿಭಾಜ್ಯ ಅಂದರೆ ಪಾಲು ಮಾಡಲು ಬರುವುದೇ ಇಲ್ಲ. ಸಂಖ್ಯೆಗೆ ಎರಡನೆಯದೇ ಸರಿ, ಒಪ್ಪುತ್ತೇನೆ. ಆದರೆ ಹಾಗೆ ನೋಡಿದರೆ 1ನ್ನೂ ಪಾಲು ಮಾಡಲು ಬರಲ್ಲ ಅಲ್ವಾ? ಗಣಿತದಲ್ಲಿ 1 ಅವಿಭಾಜ್ಯವಲ್ಲ, ಅದಕ್ಕೆ ಇರುವುದು ಒಂದೇ ಅಪವರ್ತನ, ಅಂದರೆ ಶೇಷವಿಲ್ಲದೆ ಭಾಗಿಸುವ ಸಂಖ್ಯೆ. ಅವಿಭಾಜ್ಯಕ್ಕೆ ಸರಿಯಾಗಿ ಎರಡಿರಬೇಕು. (ಅಪವರ್ತನ, ಅಪವರ್ತ್ಯ ಇನ್ನೊಂದು ತಲೆನೋವು. ಅಪವರ್ತ್ಯ ಅಂದರೆ ಮಗ್ಗಿಯಲ್ಲಿ ಬರುವ ಸಂಖ್ಯೆ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ), ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಎರಡರಲ್ಲೂ ಕೊನೆಗೆ ‘ಅ’, ಅರ್ಥ ಮಾತ್ರ ಉಲ್ಟಾ!)

ತಮಿಳಿನ ‘ಪಗಾ ಎಣ್’ ನಮ್ಮ ದಾರಿಯದೇ, ಭಾಗವಾಗದ ಎಣಿಕೆ. ಮರಾಠಿಯವರು ‘ಮೂಳ ಸಂಖ್ಯಾ’ ಎನ್ನುತ್ತಾರೆ, ಬಂಗಾಳಿಯವರು ‘ಮೌಲಿಕ’, ಎರಡೂ ‘ಮೂಲ’ ಎಂಬ ಅರ್ಥದವು. ನನಗೆ ಈ ದಾರಿ ಹೆಚ್ಚು ಹಿಡಿಸಿತು. 12 ಅಂದರೆ ಎರಡು, ಎರಡು, ಮೂರರ ಗುಣಾಕಾರ. ಮಿಕ್ಕ ಸಂಖ್ಯೆಗಳೆಲ್ಲ ಇವುಗಳಿಂದ ಕಟ್ಟಿದವು ಎಂಬುದನ್ನು ‘ಮೂಲ’ ಹೇಳುತ್ತದೆ, ‘ಅವಿಭಾಜ್ಯ’ ಹೇಳುವುದಿಲ್ಲ.

ಶಾಲೆಯ ಪುಸ್ತಕದ ಪದ ಬದಲಿಸಿ ಎನ್ನುತ್ತಿಲ್ಲ. ಮಕ್ಕಳಿಗೆ ಹೇಳುವಾಗ ‘ಮಗ್ಗಿಗೆ ಸಿಗದ ಸಂಖ್ಯೆ’, ‘ಒಡೆಯದ ಸಂಖ್ಯೆ’ ಎಂದೆಲ್ಲ ಪ್ರಯತ್ನಿಸಿದ್ದೇನೆ. ನಿಮ್ಮ ಕಡೆ ಮಗ್ಗಿ ಹೇಳಿಸುವ ಹಿರಿಯರು, ಮೇಷ್ಟ್ರುಗಳು ಇಂಥ ಸಂಖ್ಯೆಗೆ ಬೇರೆ ಏನಾದರೂ ಹೇಳುತ್ತಿದ್ದರಾ?