‘ಅನುದಾನ’: ಶಾಲೆಯ ಮಟ್ಟಿಗೆ ಇದು ಯಾವ ಹಣ?

ಎಲ್ಲರಿಗೂ ನಮಸ್ಕಾರ.

ಸರ್ಕಾರದ ಹಣ ಶಾಲೆಗೆ ಹೇಗೆ ಬರುತ್ತದೆ ಅಂತ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪೋಷಕರಿಗೆ ತಿಳಿಸುವ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಎರಡನೇ ಪುಟದಲ್ಲೇ ‘ಅನುದಾನ’ ಎಂಬ ಪದ ಅಡ್ಡ ನಿಂತಿದೆ. ನಿಮ್ಮ ನೆರವು ಬೇಕು.

‘ಅನುದಾನಿತ ಶಾಲೆ’ಯಲ್ಲಿ ಗೊಂದಲ ಇರಬಾರದು. ಆಡಳಿತ ಮಂಡಳಿ ಖಾಸಗಿಯದು, ಮಂಜೂರಾದ ಹುದ್ದೆಗಳ ಸಂಬಳ ಸರ್ಕಾರದ್ದು. ಆದರೆ ಸಭೆಯಲ್ಲಿ ಒಬ್ಬ ತಾಯಿ ಕೇಳಿದರು: “ನಮ್ಮ ಸರ್ಕಾರಿ ಶಾಲೆಗೂ ಅನುದಾನ ಬರುತ್ತಲ್ವಾ? ಹಾಗಾದ್ರೆ ನಮ್ಮದೂ ಅನುದಾನಿತ ಶಾಲೆ ತಾನೇ?” ಪದ ಹಿಡಿದು ನೋಡಿದರೆ ಅವರ ಪ್ರಶ್ನೆ ಸರಿಯಾಗೇ ಇದೆ.

ಅವರು ಹೇಳಿದ್ದು ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ. ಮೇಷ್ಟ್ರುಗಳ ಬಾಯಲ್ಲಿ ಅದು ‘ಸ್ಕೂಲ್ ಗ್ರಾಂಟ್’. ಮಕ್ಕಳ ಸಂಖ್ಯೆ ನೋಡಿ ಕೊಡುತ್ತಾರೆ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಇದರಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಸೀಮೆಸುಣ್ಣ, ಹಾಜರಿ ಪುಸ್ತಕ, ಕರೆಂಟ್ ಬಿಲ್ಲು, ಕೆಟ್ಟ ನಲ್ಲಿ, ಎಲ್ಲ ಇದರಲ್ಲೇ ಆಗಬೇಕು. ಹತ್ತನೇ ಒಂದು ಭಾಗವನ್ನಾದರೂ ಸ್ವಚ್ಛತೆಗೆ ಇಡಬೇಕು.

ಇನ್ನು ‘ಶಾಸಕರ ಅನುದಾನ’. ಅದು ಶಾಸಕರ ಪ್ರದೇಶಾಭಿವೃದ್ಧಿ ನಿಧಿ. ಕೊಠಡಿಗೋ ಕಾಂಪೌಂಡಿಗೋ ಬಂದರೆ ಬಂತು. ಕಚೇರಿಗಳಲ್ಲಿ ಮತ್ತೂ ಒಂದು ಅರ್ಥ ಇದೆ. “ಅನುದಾನ ಬಂದಿಲ್ಲ, ಈ ತಿಂಗಳ ಸಂಬಳ ತಡ” ಅಂದರೆ ಬಜೆಟ್ಟಿನಲ್ಲಿ ಇಟ್ಟ ಹಣ ಇನ್ನೂ ಬಿಡುಗಡೆ ಆಗಿಲ್ಲ ಅಂತ.

ನನಗೆ ನಿಜವಾಗಿ ಚಿಂತೆ ಹತ್ತಿಸಿರುವುದು ಬೇರೆ. ಸರ್ಕಾರಿ ಶಾಲೆಯ ದೊಡ್ಡ ಖರ್ಚು ಶಿಕ್ಷಕರ ಸಂಬಳ. ಅದು ಬಜೆಟ್ಟಿನ 2202, ಅಂದರೆ ಸಾಮಾನ್ಯ ಶಿಕ್ಷಣದ ಲೆಕ್ಕ ಶೀರ್ಷಿಕೆಯಲ್ಲಿ ಬಂದು, ಖಜಾನೆಯಿಂದ ನೇರ ಶಿಕ್ಷಕರ ಖಾತೆಗೆ ಹೋಗುತ್ತದೆ. ಪಕ್ಕದ ಖಾಸಗಿ ಶಾಲೆಗೆ ಸಂಬಳದ ಹಣ ಹೋದರೆ ಅದು ಅನುದಾನ. ಇಲ್ಲಿ ಮಾತ್ರ ಅದು ಬರೀ ‘ವೇತನ’, ಶಾಲೆಯ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ಹಾಗಾಗಿ ಪೋಷಕರು ಸರ್ಕಾರ ತಮ್ಮ ಶಾಲೆಗೆ ವರ್ಷಕ್ಕೆ ಕೊಡುವುದು 25 ಸಾವಿರ ಅಷ್ಟೇ ಅಂದುಕೊಳ್ಳುತ್ತಾರೆ. ನಾಲ್ವರು ಮೇಷ್ಟ್ರ ಒಂದು ತಿಂಗಳ ಸಂಬಳವೇ ಅದರ ಹಲವು ಪಟ್ಟು. ಇದು ಗೊತ್ತಿಲ್ಲದೆ ಹೋದರೆ, ಖಾಲಿ ಬಿದ್ದ ಒಂದು ಹುದ್ದೆಯಿಂದ ಊರಿನ ಮಕ್ಕಳಿಗೆ ತಪ್ಪಿಹೋಗುವ ಹಣ ಎಷ್ಟು ಅಂತ ಕೇಳುವುದಾದರೂ ಹೇಗೆ?

ಪದದ ಒಳಗಿನ ‘ದಾನ’ವೂ ನನಗೆ ಒಗ್ಗುವುದಿಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಅನ್ನುವುದು 2009ರ ಶಿಕ್ಷಣ ಹಕ್ಕು ಕಾಯ್ದೆ ಕೊಟ್ಟ ಹಕ್ಕು.

‘ಅನುದಾನಿತ’ ಬೇರೂರಿದೆ, ಅದನ್ನು ಮುಟ್ಟುವುದು ಬೇಡ. ಕಾಸರಗೋಡಿನಲ್ಲಂತೂ ಅದು ಶಾಲೆಯ ಹೆಸರಲ್ಲೇ ಕೂತಿದೆ, ‘ಎ.ಯು.ಪಿ. ಶಾಲೆ’ಯ ‘ಎ’ ಏಡೆಡ್ ಅಂತಲೇ. ಶಾಲಾ ಅನುದಾನಕ್ಕೆ ಮಾತ್ರ ‘ಶಾಲಾ ಖರ್ಚಿನ ಹಣ’ ಅಂತ ಬರೆಯೋಣ ಅನ್ನಿಸಿದೆ. ಹಳೇ ಮೇಷ್ಟ್ರೊಬ್ಬರು ‘ಸಾದಿಲ್ವಾರು’ ಇದೆಯಲ್ಲ ಅಂದರು. ಕಚೇರಿಯ ಚಿಲ್ಲರೆ ಖರ್ಚಿಗೆ ಈಗಲೂ ಅದೇ ಪದ. ಮೂಲ ಅರಬ್ಬಿಯ ‘ಸಾದಿರ್’, ‘ವಾರಿದ್’: ಹೊರಡುವುದು, ಬರುವುದು. ಹಿಂದೆ ಊರಿಗೆ ಬಂದುಹೋಗುವವರ ಖರ್ಚೂ ಇದರಲ್ಲೇ ಸೇರುತ್ತಿತ್ತು. ನನಗೆ ತುಂಬಾ ಇಷ್ಟವಾದ ಪದ. ಆದರೆ ಇವತ್ತಿನ ತಾಯಂದಿರಿಗೆ ಅರ್ಥವಾದೀತಾ? ಸಣ್ಣಪುಟ್ಟ ರಿಪೇರಿಯನ್ನೂ ಅದರಲ್ಲಿ ಸೇರಿಸಬಹುದಾ?

ಕಲಬುರಗಿ, ಬೆಳಗಾವಿ ಕಡೆಯ ಶಾಲೆಗಳಲ್ಲಿ ಈ ಶಾಲಾ ಅನುದಾನದ ಹಣಕ್ಕೆ ಏನಂತಾರೆ? ಕರಾವಳಿಯಲ್ಲಿ? ನಿಘಂಟಿನ ಪದಕ್ಕಿಂತ ಬಾಯಿಮಾತಿನದ್ದು ಬೇಕು. ಇನ್ನೊಂದು: ಸಂಬಳವನ್ನೂ ಸೇರಿಸಿ, ಒಂದು ಶಾಲೆಗೆ ವರ್ಷಕ್ಕೆ ಬರುವ ಅಷ್ಟೂ ಸರ್ಕಾರಿ ಹಣಕ್ಕೆ ಒಂದು ಹೆಸರು ಬೇಕಾಗಿದೆ. ‘ಶಾಲೆಯ ಪಾಲು’ ಅಂದರೆ ಹೇಗೆ?